ಪ್ರಾರ್ಥನೆ ಮಾಡೋದಕ್ಕೆ ಆರು ವರ್ಷ ಯಾಕೆ?

ಕೊಡಗಿನ ಸಿದ್ದಾಪುರದಿಂದ ಓದುಗರೊಬ್ಬರು ಬರೆದಿದ್ದಾರೆ: ‘ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಮಗಳು ಮಡಿಕೇರಿಯಲ್ಲಿ ಬಿ.ಎ. ಮುಗಿಸಿದಳು. ಈಗ ಕ್ರೈಸ್ತ ದೇವಜ್ಞಾನದ ಪದವಿ ಬಿ.ಡಿ. ಓದ್ತೀನಿ, ಆಮೇಲೆ ಅದರದ್ದೇ ಸ್ನಾತಕೋತ್ತರ ಪದವಿ ಎಂ.ಟಿಎಚ್. ಅಂತ ಹಟ ಹಿಡಿದಿದ್ದಾಳೆ. ನಾಲ್ಕು ವರ್ಷ, ಅದರ ಮೇಲೆ ಎರಡು. ಪ್ರಾರ್ಥನೆ ಮಾಡೋದಕ್ಕೆ ಆರು ವರ್ಷ ಯಾಕೆ? ಅದೂ ಹೆಣ್ಣುಮಗಳಿಗೆ? ನಮ್ಮ ತಾತ ಶಾಲೆಯ ಮೆಟ್ಟಿಲು ಹತ್ತದೆಯೇ ಎಷ್ಟು ಚೆನ್ನಾಗಿ ಪ್ರಾರ್ಥಿಸುತ್ತಿದ್ದರು.’

ಅಮ್ಮಾ, ನಿಮ್ಮ ತಾತನ ಮಾತು ನಿಜ. ಪ್ರಾರ್ಥನೆಗೆ ಡಿಗ್ರಿ ಬೇಡ. ಆದರೆ ಬೇರೆಯವರ ದುಃಖದ ಮುಂದೆ ನಿಂತು ದೇವರ ಹೆಸರು ಎತ್ತುವವರಿಗೆ ಓದು ಬೇಕು. ಯಾಕೆ ಅಂತ ಹೇಳ್ತೀನಿ.

2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದವಲ್ಲ, ಆಗ ಮಡಿಕೇರಿಯ ಒಂದು ಪರಿಹಾರ ಕೇಂದ್ರಕ್ಕೆ ಹೋಗಿದ್ದೆ. ಒಬ್ಬ ಮುದುಕರು ಒದ್ದೆ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದರು. ಮನೆ ಹೋಗಿತ್ತು, ಕೊಟ್ಟಿಗೆಯೂ ಹೋಗಿತ್ತು. ಬಂದವರೆಲ್ಲ ‘ದೇವರ ಚಿತ್ತ, ಸಮಾಧಾನ ಮಾಡ್ಕೊಳ್ಳಿ’ ಅಂತ ಹೇಳಿ ಮುಂದೆ ಹೋಗುತ್ತಿದ್ದರು. ಒಬ್ಬ ಸಭಾಪಾಲಕರು ಮಾತ್ರ ಪಕ್ಕದಲ್ಲಿ ನೆಲದ ಮೇಲೆ ಸುಮ್ನೆ ಕೂತರು. ಬಹಳ ಹೊತ್ತು. ಕೊನೆಗೆ ಕೇಳಿದ್ದು ಒಂದೇ, ‘ಹಸುಗಳ ಹೆಸರೇನಿತ್ತು?’ ಮುದುಕರು ಒಂದೊಂದೇ ಹೆಸರು ಹೇಳುತ್ತಾ ಅಳತೊಡಗಿದರು. ಅಲ್ಲಿಯವರೆಗೆ ಅವರು ಅತ್ತೇ ಇರಲಿಲ್ಲ.

ಆಮೇಲೆ ಚಹಾ ಕುಡಿಯುವಾಗ ಆ ಅಯ್ಯನವರನ್ನು ಕೇಳಿದೆ. ಎಂ.ಟಿಎಚ್.ನಲ್ಲಿ ಎರಡು ವರ್ಷ ಬೈಬಲಿನ ಯೋಬನ ಗ್ರಂಥ ಓದಿದ್ದರಂತೆ. ಯೋಬ ಎಲ್ಲವನ್ನೂ ಕಳೆದುಕೊಂಡಾಗ ಅವನ ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು, ಏಳು ರಾತ್ರಿ ತುಟಿ ಬಿಚ್ಚದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಆಮೇಲೆ ಬಾಯಿ ತೆರೆದು ಅವನ ಕಷ್ಟಕ್ಕೆ ಕಾರಣ ಹೇಳತೊಡಗುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರಿಗೆ ಕೋಪ ಬರುವುದು ಆ ಗೆಳೆಯರ ಮೇಲೆ. ‘ಅದನ್ನು ಓದಿದ ಮೇಲೆ ನನಗೆ ಬಾಯಿ ಬಿಡೋಕೆ ಭಯ’ ಅಂದರು ಅಯ್ಯನವರು.

ಆರಾಧನೆಯ ಪಾಠವೂ ಹೀಗೆಯೇ. ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ) ದಿನ ಪಕ್ಕದವರ ಕೈಯನ್ನು ನಿಮ್ಮ ಎರಡೂ ಅಂಗೈಗಳ ನಡುವೆ ಹಿಡಿದು ಸಮಾಧಾನ ಹೇಳ್ತೀರಿ, ಅಲ್ವಾ? 1947ರಲ್ಲಿ ಸಿ.ಎಸ್.ಐ. ಹುಟ್ಟಿತು. 1950ರಲ್ಲಿ ಅದು ತನ್ನದೇ ಆರಾಧನಾ ಕ್ರಮ ತಂದಾಗ ಈ ಪದ್ಧತಿಯನ್ನು ಕೇರಳದ ಸಿರಿಯನ್ ಕ್ರೈಸ್ತರಿಂದ ತೆಗೆದುಕೊಂಡಿತು. ಯಾವುದನ್ನು ಉಳಿಸಬೇಕು, ಯಾವುದನ್ನು ನಮ್ಮ ಭಾಷೆಗೆ ಒಗ್ಗಿಸಬೇಕು ಅಂತ ಯಾರೋ ಕೂತು ಓದಿ, ಯೋಚಿಸಿ ಮಾಡಿದ ಕೆಲಸ ಅದು. ನಿಮ್ಮ ಊರಿನ ಪಕ್ಕದ ಆನಂದಪುರವನ್ನೇ ನೋಡಿ. ಅಲ್ಲಿ ದುಡಿದ ಮಿಷನರಿ ಮೊಗ್ಲಿಂಗ್ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ದೇವಜ್ಞಾನ ಓದಿ ಬಂದವರು. ಅವರೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದ್ದು. ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಆ ಓದು ಅವರನ್ನು ಕನ್ನಡದಿಂದ ದೂರ ಮಾಡಲಿಲ್ಲ.

ಹೆಣ್ಣುಮಗಳು ಅಂತ ಹೆದರಬೇಡಿ. ಸಿ.ಎಸ್.ಐ. ಹೆಂಗಸರಿಗೂ ಸಭಾಪಾಲಕರಾಗುವ ದೀಕ್ಷೆ ಕೊಡುತ್ತದೆ. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಬಿಷಪ್ಪರೂ ಆದರು.

ಕಷ್ಟವನ್ನೂ ಮುಚ್ಚಿಡುವುದಿಲ್ಲ. ಸಂಬಳ ಜಾಸ್ತಿ ಇರುವುದಿಲ್ಲ. ಬಿ.ಡಿ. ಮುಗಿದ ಕೂಡಲೇ ದೀಕ್ಷೆ ಸಿಗುತ್ತದೆ ಅಂತಲೂ ಇಲ್ಲ, ಅದನ್ನು ತೀರ್ಮಾನಿಸುವುದು ಸಭೆ. ಹಾಗಾಗಿ ಮೊದಲು ನಿಮ್ಮ ಅಯ್ಯನವರ ಹತ್ತಿರ, ಆಮೇಲೆ ಡಯಾಸಿಸ್‌ನಲ್ಲಿ (ಬಿಷಪ್ಪರ ಆಡಳಿತ ಪ್ರಾಂತದ ಕಚೇರಿಯಲ್ಲಿ) ಮಾತಾಡಿ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ. ಬೆಂಗಳೂರಲ್ಲಿ 1910ರಿಂದ ನಡೆಯುತ್ತಿರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಪದವಿ ಕೊಡುವುದು ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. ಬೈಬಲಿನ ಮೂಲ ಭಾಷೆಗಳಾದ ಗ್ರೀಕ್, ಹೀಬ್ರೂ ಅಂದರೆ ಮೊದಲ ವರ್ಷ ಎಲ್ಲರಿಗೂ ತಲೆ ತಿರುಗುತ್ತದೆ. ಮಗಳು ಅದಕ್ಕೆ ಕಂಗೆಡದಿರಲಿ.

ಅರ್ಜಿ ಹಾಕುವ ಮುಂಚೆ ಅವಳು ಒಂದು ವಾರ ಅಯ್ಯನವರ ಜೊತೆ ತೋಟದ ಲೈನ್ ಮನೆಗಳಿಗೆ ಹೋಗಿ ಬರಲಿ. ಕಾಯಿಲೆಯವರ ಹತ್ತಿರ ಕೂರಲಿ. ಮನೆಗೆ ಬಂದಾಗ ಏನನ್ನಿಸಿತು ಅಂತ ನೀವೇ ಕೇಳಿ. ಅವಳು ಹೇಳಿದ್ದನ್ನು ನನಗೂ ಬರೆಯಿರಿ, ಕಾಯ್ತಿರ್ತೀನಿ.

– ಸಂಪಾದಕ