ಕುಡಿತವೂ ಇಲ್ಲ, ಕಾಮಾಲೆಯೂ ಬಂದಿಲ್ಲ: ಹೆಪಟೈಟಿಸ್ ಬಿ ವೈರಸ್ಸಿನಿಂದ ಲಿವರ್ ಕ್ಯಾನ್ಸರ್ ಹೇಗೆ ಬರುತ್ತದೆ?

ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮೊದಲು ಮಾಡಿಸಿದ ರಕ್ತಪರೀಕ್ಷೆಯಲ್ಲಿ ನಿಮ್ಮ 54 ವರ್ಷದ ತಂದೆಯವರಿಗೆ ಹೆಪಟೈಟಿಸ್ ಬಿ ಪಾಸಿಟಿವ್ ಎಂದು ಬಂದಿದೆ. ಅವರು ಎಂದೂ ಕುಡಿದವರಲ್ಲ, ಕಾಮಾಲೆ ಬಂದ ನೆನಪೂ ಇಲ್ಲ, ಲಿವರ್ ಪರೀಕ್ಷೆಯ ಅಂಕಿಗಳೂ ಸರಿಯಾಗಿವೆ. ಆದರೂ ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇದೆ, ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಿ ಎಂದು ವೈದ್ಯರು ಹೇಳಿದ್ದು ಹೆದರಿಸಿ ದುಡ್ಡು ಕೀಳುವ ಮಾತಲ್ಲವೇ ಎಂದು ಕೇಳಿದ್ದೀರಿ. ಅಲ್ಲ, ವೈದ್ಯರು ಹೇಳಿದ್ದು ಸರಿಯಾಗಿದೆ. ನಾನು ವೈದ್ಯನಲ್ಲ, ಆಸ್ಪತ್ರೆಯೊಂದರ ಪೆಥಾಲಜಿ ವಿಭಾಗದಲ್ಲಿ ಸ್ಲೈಡು ತಯಾರಿಸುವ ತಂತ್ರಜ್ಞನಾಗಿ 20 ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದವನು. ಹಾಗಾಗಿ ಕಣ್ಣಾರೆ ಕಂಡದ್ದನ್ನೂ ಆ ಕೆಲಸದ ನಡುವೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ತಿಳಿಯಬೇಕಾದದ್ದು, ಈ ವೈರಸ್ ತಾನಾಗಿ ಲಿವರ್ ಕೋಶಗಳನ್ನು ಕೊಲ್ಲುವುದಿಲ್ಲ. ವೈರಸ್ ಹೊಕ್ಕ ಕೋಶಗಳನ್ನು ಹುಡುಕಿ ಕೊಲ್ಲುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ದೊಡ್ಡವರಾದ ಮೇಲೆ ಸೋಂಕು ತಗುಲಿದರೆ ಈ ಕಾದಾಟ ಜೋರಾಗಿ ನಡೆದು, ಕೆಲವರಿಗೆ ಕಾಮಾಲೆಯೂ ಆಗಿ, ನೂರರಲ್ಲಿ ತೊಂಬತ್ತೈದು ಮಂದಿಯಲ್ಲಾದರೂ ವೈರಸ್ ಸೋತು ಹೋಗುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ: ಎಳೆಗೂಸಿನ ದೇಹಕ್ಕೆ ಅದು ಶತ್ರುವೆಂದೇ ಗೊತ್ತಾಗದೆ, ಸುಮಾರು ಶೇಕಡಾ 90ರಷ್ಟು ಮಕ್ಕಳಲ್ಲಿ ಅದು ದೀರ್ಘಕಾಲ ಉಳಿದುಬಿಡುತ್ತದೆ. ನಿಮ್ಮ ತಂದೆಯವರಿಗೆ ಕಾಮಾಲೆ ಬಂದ ನೆನಪೇ ಇಲ್ಲದಿರುವುದಕ್ಕೆ ಬಹುಶಃ ಇದೇ ಕಾರಣ. ಸೋಂಕು ಅವರಷ್ಟೇ ಹಳೆಯದಿರಬಹುದು.

ಹೀಗೆ ತೆಪ್ಪಗಿದ್ದ ದೇಹ ಹರೆಯ ದಾಟಿದ ಮೇಲೆ ಯಾವಾಗಲೋ ಎಚ್ಚೆತ್ತು ಸಣ್ಣ ಪ್ರಮಾಣದಲ್ಲಿ ಕಾದಾಡಲು ಶುರುಮಾಡುತ್ತದೆ. ಕೋಶ ಸಾಯುತ್ತದೆ, ಪಕ್ಕದ್ದು ಒಡೆದು ಎರಡಾಗಿ ಆ ಜಾಗ ತುಂಬುತ್ತದೆ, ಅದೂ ಸಾಯುತ್ತದೆ. ಪ್ರತಿ ಸಲ ಕೋಶ ಒಡೆಯುವಾಗಲೂ ಡಿಎನ್‌ಎಯನ್ನು ಹೊಸದಾಗಿ ನಕಲು ಮಾಡಬೇಕು. ಉರಿಯೂತದ ನಡುವೆ ನಡೆಯುವ ಆ ನಕಲಿನಲ್ಲಿ ತಪ್ಪುಗಳು ನುಸುಳುತ್ತವೆ, ಮೂವತ್ತು ನಲವತ್ತು ವರ್ಷಗಳಲ್ಲಿ ಅವು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಇದರ ಜೊತೆಗೆ, ಗಾಯ ಮುಚ್ಚಲು ದೇಹ ಹಾಕುವ ತೇಪೆಯ ನಾರು ಲಿವರ್ ತುಂಬ ಹಬ್ಬುತ್ತದೆ. ಬಯಾಪ್ಸಿಗೆಂದು ಲಿವರ್‌ನಿಂದ ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿ, ಮೂರು ನಾಲ್ಕು ಮೈಕ್ರಾನ್ ತೆಳುವಾಗಿ ಕತ್ತರಿಸಿ, ಟ್ರೈಕ್ರೋಮ್ ಎಂಬ ಬಣ್ಣ ಹಾಕಿದರೆ ಈ ನಾರು ನೀಲಿಯಾಗಿ ಕಾಣುತ್ತದೆ: ಮೊದಮೊದಲು ರಕ್ತನಾಳಗಳ ಸುತ್ತ ಸಣ್ಣ ಗೆರೆಗಳು, ಮುಂದೆ ಗೆರೆಗೆ ಗೆರೆ ಸೇರಿ ಕೋಶಗಳ ಗುಂಪುಗಳನ್ನು ಸುತ್ತುವರಿದ ಬೇಲಿ. ಅದೇ ಸಿರೋಸಿಸ್. ಅಂಥ ಲಿವರ್‌ನ ಹೊರಮೈ ಥೇಟು ಸೀತಾಫಲದ ಸಿಪ್ಪೆಯ ಹಾಗೆ ಗಂಟುಗಂಟಾಗಿರುತ್ತದೆ, ಆ ಗಂಟುಗಳಲ್ಲೊಂದು ಕಡಿವಾಣ ಕಿತ್ತುಕೊಂಡರೆ ಕ್ಯಾನ್ಸರ್ ಆಗುತ್ತದೆ.

ಹೆಪಟೈಟಿಸ್ ಸಿ ಬಹುಮಟ್ಟಿಗೆ ಈ ದಾರಿಯಲ್ಲೇ, ಅಂದರೆ ಸಿರೋಸಿಸ್ ಮೂಲಕವೇ ಕ್ಯಾನ್ಸರಿಗೆ ಒಯ್ಯುತ್ತದೆ, ಏಕೆಂದರೆ ಅದು ಆರ್‌ಎನ್‌ಎ ವೈರಸ್, ನಮ್ಮ ಡಿಎನ್‌ಎಗೆ ಕೈಹಾಕುವುದಿಲ್ಲ. ಬಿ ವೈರಸ್ಸಿಗೆ ಅಡ್ಡದಾರಿಯೂ ಗೊತ್ತು. ಅದು ಡಿಎನ್‌ಎ ವೈರಸ್ ಆದ್ದರಿಂದ ತನ್ನ ತುಣುಕುಗಳನ್ನು ನಮ್ಮ ವರ್ಣತಂತುಗಳ ನಡುವೆ ಹೆಣೆದುಬಿಡಬಲ್ಲದು. ಕೋಶಕ್ಕೆ ಸಾವಿಲ್ಲದಂತೆ ಮಾಡುವ ಟೆಲೋಮರೇಸ್ ಜೀನಿನ ಪಕ್ಕದಲ್ಲಿ ಇಂಥ ತುಣುಕು ಸೇರಿಕೊಂಡಿರುವುದು ಲಿವರ್ ಗಡ್ಡೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಹಾಗಾಗಿ ಹೆಪಟೈಟಿಸ್ ಬಿ ಇದ್ದವರಿಗೆ ಸಿರೋಸಿಸ್ ಆಗದೆಯೂ ಕ್ಯಾನ್ಸರ್ ಬರಬಹುದು. ಈ ವೈರಸ್ಸಿನ ಹೊರಕವಚದ ಪ್ರೋಟೀನು ತುಂಬಿಕೊಂಡ ಕೋಶಗಳನ್ನು ನಾನು ಸ್ಲೈಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಬಚ್ಚಲುಮನೆಯ ಕಿಟಕಿಗೆ ಹಾಕುವ ಮಸುಕು ಗಾಜಿನಂತೆ ಕಾಣುತ್ತವೆ, ಒಮ್ಮೆ ಕಂಡರೆ ಮರೆಯುವುದಿಲ್ಲ.

ಇದು ಬರೀ ಊಹೆಯಲ್ಲ ಎಂಬುದಕ್ಕೆ ತೈವಾನ್ ಸಾಕ್ಷಿ. ಅಲ್ಲಿ ಬೀಸ್ಲಿ ಎಂಬ ಸಂಶೋಧಕ ಮತ್ತು ಸಂಗಡಿಗರು 22,707 ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈರಸ್ ಇದ್ದವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಇಲ್ಲದವರಿಗಿಂತ 200 ಪಟ್ಟಿಗೂ ಹೆಚ್ಚೆಂದು ಕಂಡುಬಂತು. 1984ರಿಂದ ಅಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಹಾಕತೊಡಗಿದ ಮೇಲೆ, ಮುಂದಿನ ಹತ್ತು ವರ್ಷಗಳಲ್ಲಿ 6ರಿಂದ 14 ವರ್ಷದ ಮಕ್ಕಳ ಲಿವರ್ ಕ್ಯಾನ್ಸರ್ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ನಿಮ್ಮ ತಂದೆಯವರ ಅಂಕಿಗಳು ಸರಿಯಾಗಿರುವುದು ಒಳ್ಳೆಯದೇ, ಆದರೆ ಅದು ಆ ದಿನದ ಮಾತು. ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಡಿಎನ್‌ಎ ಪರೀಕ್ಷೆಯನ್ನೂ, ಲಿವರ್ ಎಷ್ಟು ಗಡಸಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನನ್ನೂ ಮಾಡಿಸಿದ ಮೇಲೆಯೇ ಮಾತ್ರೆ ಬೇಕೇ ಬೇಡವೇ ಎಂದು ಲಿವರ್ ತಜ್ಞರು ನಿರ್ಧರಿಸುತ್ತಾರೆ. ಬೇಕೆಂದರೆ ಟೆನೊಫೋವಿರ್ ಅಥವಾ ಎಂಟೆಕಾವಿರ್ ಕೊಡುತ್ತಾರೆ. ಇವು ವೈರಸ್ಸನ್ನು ಹತ್ತಿಕ್ಕಿ ಕ್ಯಾನ್ಸರಿನ ಅಪಾಯವನ್ನು ತಗ್ಗಿಸುತ್ತವೆಯೇ ಹೊರತು ಪೂರ್ತಿ ಇಲ್ಲವಾಗಿಸುವುದಿಲ್ಲ. ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ವೈರಸ್ ಒಮ್ಮೆಲೇ ಎದ್ದು ಲಿವರ್ ಕೈಕೊಡಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಮಾತ್ರೆಯೂ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ನಮ್ಮ ಕಡೆ ಯಾರಾದರೂ ನೆಲನೆಲ್ಲಿ ಅರೆದು ಕುಡಿಯಿರಿ ಎಂದು ಹೇಳಿಯೇ ಹೇಳುತ್ತಾರೆ. ಚೆನ್ನೈನಲ್ಲಿ ನಡೆದು 1988ರಲ್ಲಿ ಪ್ರಕಟವಾದ ಪ್ರಯೋಗವೊಂದು ಆ ಗಿಡದ ಬಗ್ಗೆ ಭಾರಿ ಭರವಸೆ ಹುಟ್ಟಿಸಿತ್ತು, ನಿಜ. ಆದರೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಅದನ್ನು ನಂಬಿ ಮಾತ್ರೆ ಬಿಡಿಸಬೇಡಿ. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳ ಮಾತ್ರ ಮನೆಯಲ್ಲಿ ಯಾರೂ ತಿನ್ನಬಾರದು, ಅದರ ಅಫ್ಲಟಾಕ್ಸಿನ್ ವಿಷ ಹೆಪಟೈಟಿಸ್ ಬಿ ಜೊತೆ ಸೇರಿದರೆ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ.

ಇನ್ನು ಸ್ಕ್ಯಾನಿಂಗ್ ವಿಷಯ. ಲಿವರ್‌ನ ಒಳಗೆ ನೋವು ತಿಳಿಯುವುದಿಲ್ಲ, ಗಡ್ಡೆ ಬೆಳೆದು ಮೇಲಿನ ಪೊರೆಯನ್ನು ಹಿಗ್ಗಿಸಿದಾಗಲೇ ನೋಯುವುದು. ಅಷ್ಟರಲ್ಲಿ ಎಷ್ಟೋ ಸಲ ಶಸ್ತ್ರಚಿಕಿತ್ಸೆಯ ಕಾಲ ಮೀರಿರುತ್ತದೆ. ಎರಡು ಸೆಂಟಿಮೀಟರ್ ಒಳಗೆ ಸಿಕ್ಕರೆ ಕತ್ತರಿಸಿ ತೆಗೆಯಬಹುದು, ಇಲ್ಲವೇ ಸೂಜಿ ಚುಚ್ಚಿ ಸುಡಬಹುದು. ನಲವತ್ತು ದಾಟಿದ ಏಷ್ಯಾದ ಗಂಡಸರಿಗೆ ಹೆಪಟೈಟಿಸ್ ಬಿ ಇದ್ದರೆ, ಸಿರೋಸಿಸ್ ಇಲ್ಲದಿದ್ದರೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಲು ಹೇಳುವುದು ಇದಕ್ಕೇ. ಲಿವರ್ ಗಡ್ಡೆಯ ಸುಳಿವು ಕೊಡುವ ಎಎಫ್‌ಪಿ ಎಂಬ ರಕ್ತಪರೀಕ್ಷೆಯೊಂದನ್ನೇ ನೆಚ್ಚಬೇಡಿ, ಗಡ್ಡೆ ಸಣ್ಣದಿದ್ದಾಗ ಅದು ಎಷ್ಟೋ ಸಲ ಸಹಜವಾಗಿಯೇ ಇರುತ್ತದೆ.

ನೀವು ಕೇಳದ ಒಂದು ಮಾತು: ನಿಮ್ಮ ತಾಯಿ, ನೀವು, ನಿಮ್ಮ ಒಡಹುಟ್ಟಿದವರು, ತಂದೆಯವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಎಲ್ಲರೂ ಒಮ್ಮೆ ಈ ವೈರಸ್ ಇದೆಯೇ ಎಂದು ತಿಳಿಸುವ ಎಚ್‌ಬಿಎಸ್‌ಎಜಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಒಟ್ಟಿಗೆ ಉಣ್ಣುವುದರಿಂದ ಇದು ಹರಡುವುದಿಲ್ಲ, ಅವರ ತಟ್ಟೆ ಲೋಟ ಬೇರೆ ಇಡಬೇಡಿ. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಮಾತ್ರ ಬೇರೆ ಇರಲಿ. ನೆಗೆಟಿವ್ ಬಂದು, ಮೊದಲು ಲಸಿಕೆ ಆಗಿಲ್ಲದಿದ್ದರೆ ಇವತ್ತು ಒಂದು, ತಿಂಗಳು ಕಳೆದು ಒಂದು, ಮೊದಲನೆಯದರಿಂದ ಆರು ತಿಂಗಳಿಗೆ ಇನ್ನೊಂದು ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.