ಉರಿಯೂತದ ಒಂದೇ ಮುಖ ಸಾಲದು

ಪ್ರಿಯ ಲೇಖಕರೇ,

ಉರಿಯೂತದಿಂದ ಚರ್ಮದ ಕ್ಯಾನ್ಸರ್ ಹೇಗೆ ಹರಡುತ್ತದೆ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಕೈಬಿಡುವುದಕ್ಕೂ ಮನಸ್ಸಿಲ್ಲ.

ಬಿಸಿಲಿಗೆ ಸುಟ್ಟ ಚರ್ಮದ ಮಾತನ್ನು ಮೂರು ವಾಕ್ಯಗಳಲ್ಲಿ ಮುಗಿಸಿಬಿಟ್ಟಿದ್ದೀರಿ. ಲೇಖನದ ಜೀವವಿರುವುದೇ ಅಲ್ಲಿ. ನೀವು ಹೆಸರಿಸದೆ ಬಳಸಿಕೊಂಡಿರುವುದು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನ. ಅದನ್ನು ಬಿಡಿಸಿ ಹೇಳಿ. ಚರ್ಮದ ಕ್ಯಾನ್ಸರಿನ ಒಂದು ಬಗೆಯಾದ ಮೆಲನೋಮಾದ ಗಡ್ಡೆಯ ಮೇಲೆ ನೇರಳಾತೀತ ಕಿರಣ ಬಿದ್ದಾಗ ಘಾಸಿಗೊಂಡ ಹೊರಚರ್ಮದ ಕೋಶಗಳು ಎಚ್‌ಎಂಜಿಬಿ1 ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಆ ಸುಳಿವು ಸಿಕ್ಕೊಡನೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಧಾವಿಸಿ ಬರುತ್ತವೆ. ಬಂದದ್ದು ಗಾಯ ನೋಡಿಕೊಳ್ಳಲು. ಆದರೆ ಅವು ಎಬ್ಬಿಸಿದ ಉರಿಯೂತದಲ್ಲಿ ಕ್ಯಾನ್ಸರ್ ಕೋಶಗಳು ರಕ್ತನಾಳಗಳ ಹೊರಮೈಗುಂಟ ಹಬ್ಬತೊಡಗುತ್ತವೆ. ಶ್ವಾಸಕೋಶದಲ್ಲಿ ಹೊಸ ಗಡ್ಡೆಗಳ ಸಂಖ್ಯೆ ಹೆಚ್ಚುತ್ತದೆ. ಕ್ಯಾನ್ಸರನ್ನು ಹುಟ್ಟಿಸುವ ಬಿಸಿಲು, ಹುಟ್ಟಿದ ಕ್ಯಾನ್ಸರನ್ನು ಬೇರೆಯದೇ ದಾರಿಯಿಂದ ಹರಡಿಸಲೂಬಲ್ಲದು ಎಂಬ ಈ ಸಂಗತಿಯಿಂದಲೇ ಲೇಖನ ಶುರುವಾಗಲಿ.

ಇದು ಕಂಡದ್ದು ಇಲಿಗಳಲ್ಲಿ. ನಿಮ್ಮ ಬರಹದಲ್ಲಿ ಇಲಿಯ ಸುದ್ದಿಯೇ ಇಲ್ಲ. ಓದುಗರು ಮನುಷ್ಯರಲ್ಲಿ ಸಾಬೀತಾದದ್ದೆಂದು ತಿಳಿಯುತ್ತಾರೆ. ಮನುಷ್ಯರ ವಿಷಯಕ್ಕೆ ಬರುವುದಾದರೆ, ಮೇಲ್ಪದರ ಒಡೆದು ಹುಣ್ಣಾದ ಮೆಲನೋಮಾ ಹರಡುವ ಅಪಾಯ ಹೆಚ್ಚು. ವೈದ್ಯರು ರೋಗದ ಹಂತ ನಿರ್ಧರಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅದನ್ನು ಬರೆಯಿರಿ. ಎಲ್ಲ ಬಗೆಯನ್ನೂ ‘ಚರ್ಮದ ಕ್ಯಾನ್ಸರ್’ ಎಂದು ಒಟ್ಟುಗೂಡಿಸಬೇಡಿ, ಬೇಸಲ್ ಸೆಲ್ ಕಾರ್ಸಿನೋಮಾ ಎಂಬ ಬಗೆ ದೇಹದ ಬೇರೆಡೆಗೆ ಹರಡುವುದು ತೀರಾ ಅಪರೂಪ.

ನನ್ನ ದೊಡ್ಡ ತಕರಾರು ಕೊನೆಯ ಭಾಗದ ಬಗ್ಗೆ. ಉರಿಯೂತವನ್ನು ಅಡಗಿಸಿದರೆ ಕ್ಯಾನ್ಸರ್ ನಿಲ್ಲುತ್ತದೆ ಎಂದು ಬರೆದು, ಅದಕ್ಕೊಂದು ಆಹಾರಪಟ್ಟಿಯನ್ನೂ ಕೊಟ್ಟಿದ್ದೀರಿ. ಆದರೆ ಉರಿಯೂತವೆಲ್ಲ ಒಂದೇ ಅಲ್ಲ. ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಗಡ್ಡೆಯೊಳಗೆ ದಟ್ಟವಾಗಿ ನುಗ್ಗಿದ್ದರೆ ಅದು ಸಾಮಾನ್ಯವಾಗಿ ಒಳ್ಳೆಯ ಲಕ್ಷಣ. ಆ ಕೋಶಗಳಿಗೆ ಬಿದ್ದಿರುವ ತಡೆಯನ್ನು ತೆಗೆಯುವ ಇಪಿಲಿಮುಮಾಬ್ ಎಂಬ ಔಷಧಿಗೆ 2011ರಲ್ಲಿ ಅಮೆರಿಕದಲ್ಲಿ ಮೆಲನೋಮಾ ಚಿಕಿತ್ಸೆಗಾಗಿ ಒಪ್ಪಿಗೆ ಸಿಕ್ಕಿತು. ಈ ದಾರಿಯನ್ನು ತೆರೆದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ವೈದ್ಯಕೀಯ ನೊಬೆಲ್ ಬಂತು. ಇಂಥ ಔಷಧಿಗಳ ಅಡ್ಡಪರಿಣಾಮವೇ ಕರುಳಿನ, ಚರ್ಮದ ಉರಿಯೂತ! ಯಾವ ಕೋಶಗಳು, ಎಷ್ಟು ಕಾಲ, ಎಲ್ಲಿ ಎಂಬುದನ್ನು ಬಿಟ್ಟು ‘ಉರಿಯೂತ ಕೆಟ್ಟದ್ದು’ ಎಂದರೆ, ಚಿಕಿತ್ಸೆಯಲ್ಲಿರುವ ರೋಗಿಯೊಬ್ಬರು ನಿಮ್ಮ ಮಾತನ್ನು ನಂಬಿ ವೈದ್ಯರನ್ನು ಕೇಳದೆ ಉರಿಯೂತ ಅಡಗಿಸುವ ಮಾತ್ರೆ ನುಂಗಿಯಾರು. ಆ ಭಯ ನನಗಿದೆ.

ಆಹಾರಪಟ್ಟಿಯನ್ನು ಪೂರ್ತಿ ತೆಗೆಯಿರಿ. ಉಳಿದ ಜಾಗವನ್ನೆಲ್ಲ ನ್ಯೂಟ್ರೋಫಿಲ್ ಮತ್ತು ಟಿ ಕೋಶಗಳ ವ್ಯತ್ಯಾಸಕ್ಕೆ ಕೊಡಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳುಹಿಸಿ, ಕಾಯುತ್ತಿರುತ್ತೇನೆ.

ಸಂಪಾದಕ