ಹೊಟ್ಟೆಯನ್ನು ಬಿಡಿ, ನಾಲಿಗೆಯ ಹಿಂಭಾಗ ನೋಡಿ

ನಿಮ್ಮ ಪತ್ರ ಓದಿದೆ. ದಿನಕ್ಕೆ ಎರಡು ಸಲ ಹಲ್ಲುಜ್ಜಿದರೂ ಬಾಯಿ ವಾಸನೆ ಹೋಗುತ್ತಿಲ್ಲ, ಎದುರಿಗೆ ಯಾರಾದರೂ ಬಂದರೆ ಬಾಯಿಗೆ ಕೈ ಅಡ್ಡ ಇಡುತ್ತೇನೆ, ಹೊಟ್ಟೆಯದೇ ತೊಂದರೆ ಅಂತ ಅಂದುಕೊಂಡು ತಿಂಗಳುಗಟ್ಟಲೆ ಗ್ಯಾಸಿನ ಮಾತ್ರೆ ನುಂಗಿದೆ, ಒಸಡಿನಲ್ಲಿ ರಕ್ತ ಬರುವ ಕಡೆ ಬ್ರಷ್ ತಾಗಿಸುವುದೇ ಇಲ್ಲ ಅಂತ ಬರೆದಿದ್ದೀರಿ. ಈ ಕೊನೆಯ ಮಾತು ಓದಿ ನನಗೆ ನಿಜಕ್ಕೂ ಕಳವಳವಾಯಿತು.

ಹೊಟ್ಟೆಯಿಂದ ಬಾಯಿ ವಾಸನೆ ಬರುವುದು ಅಪರೂಪ. ನುಂಗುವಾಗ, ತೇಗುವಾಗ ಬಿಟ್ಟರೆ ಅನ್ನನಾಳ ಮುಚ್ಚಿಕೊಂಡೇ ಇರುತ್ತದೆ. ಈ ತೊಂದರೆ ಇರುವ 100 ಜನರಲ್ಲಿ 80–90 ಜನರಿಗೆ ಮೂಲ ಬಾಯಿಯೊಳಗೇ ಇರುತ್ತದೆ, ಅದರಲ್ಲೂ ನಾಲಿಗೆಯ ಹಿಂಭಾಗದಲ್ಲಿ ಮತ್ತು ಒಸಡಿನ ಸಂದಿಯಲ್ಲಿ. ಗಾಳಿ ತಾಗದ ಆ ಜಾಗಗಳಲ್ಲಿ ಬ್ಯಾಕ್ಟೀರಿಯಾ ಸೇರಿ, ಆಹಾರದ ಚೂರನ್ನೂ ಸತ್ತ ಜೀವಕೋಶಗಳನ್ನೂ ಕೊಳೆಸಿ, ಗಂಧಕದ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುವುದೂ ಅಂಥದೇ ಅನಿಲದಿಂದ. ಇವನ್ನು ತೊಳೆಯುವುದು ಎಂಜಲು. ನಿದ್ದೆಯಲ್ಲಿ ಅದು ಕಡಿಮೆಯಾಗುವುದರಿಂದ ಬೆಳಿಗ್ಗೆ ಎಲ್ಲರ ಬಾಯಿಯೂ ವಾಸನೆಯೇ, ಅದಕ್ಕೆ ನಾಚಿಕೆ ಬೇಡ. ಅಲರ್ಜಿಯ, ಖಿನ್ನತೆಯ ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಹಾಗಂತ ಡಾಕ್ಟರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.

ರಕ್ತ ಬರುತ್ತದೆ ಅಂತ ಆ ಜಾಗ ಬಿಟ್ಟರೆ ಕೊಳೆ ಅಲ್ಲೇ ಕೂರುತ್ತದೆ, ಒಸಡು ಇನ್ನೂ ಊದುತ್ತದೆ, ರಕ್ತ ಇನ್ನೂ ಜಾಸ್ತಿಯಾಗುತ್ತದೆ. ಮೆತ್ತನೆಯ ಬ್ರಷ್ ತಗೊಂಡು ಅಲ್ಲೂ ನಿಧಾನಕ್ಕೆ ಉಜ್ಜಿ. ಹಲ್ಲಿನ ಸಂದಿಗೆ ಬ್ರಷ್ ಹೋಗುವುದಿಲ್ಲ, ಅದಕ್ಕೆ ದಿನಕ್ಕೊಮ್ಮೆ ಫ್ಲಾಸ್ ದಾರ ಬೇಕು. ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಹಗುರವಾಗಿ ಕೆರೆಯಿರಿ. ಗಟ್ಟಿಯಾದ ಪಾಚಿ ಮಾತ್ರ ದಂತವೈದ್ಯರೇ ತೆಗೆಯಬೇಕು. ಪುದೀನಾ ಮಿಠಾಯಿ ವಾಸನೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ, ಅಷ್ಟೇ. ಸಿಗರೇಟು ಇದ್ದರೆ ಬಿಡಿ.

ಇನ್ನೊಂದು ಮಾತು. ನಮ್ಮ ಬಾಯಿಯ ವಾಸನೆ ನಮಗೆ ಸರಿಯಾಗಿ ಗೊತ್ತಾಗುವುದಿಲ್ಲ, ವಾಸನೆಯೇ ಇಲ್ಲದೆ ವರ್ಷಗಟ್ಟಲೆ ಹೆದರಿಕೊಂಡು ಬದುಕುವವರೂ ಇದ್ದಾರೆ. ಮನೆಯಲ್ಲಿ ನಂಬಿಕೆ ಇರುವ ಒಬ್ಬರನ್ನು ನೇರವಾಗಿ ಕೇಳಿಬಿಡಿ. ಕಷ್ಟ ಹೌದು, ಆದರೆ ಕೈ ಅಡ್ಡ ಇಟ್ಟುಕೊಂಡು ಓಡಾಡುವುದಕ್ಕಿಂತ ಕಷ್ಟವಲ್ಲ ಅಲ್ವಾ?

ಒಸಡು, ಹಲ್ಲು ಎಲ್ಲಾ ಸರಿಯಿದ್ದರೆ ಟಾನ್ಸಿಲ್, ಸೈನಸ್ ತೋರಿಸಿ. ಸಕ್ಕರೆ ಕಾಯಿಲೆ ಇರುವವರ ಉಸಿರು ಹಣ್ಣಿನಂತೆ ವಾಸನೆ ಬಂದು, ವಾಂತಿ, ಏದುಸಿರು ಜೊತೆಗಿದ್ದರೆ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನೀವು ಈ ವಾರವೇ ದಂತವೈದ್ಯರನ್ನು ನೋಡಿ. ಹೋಗುವ ಮುಂಚೆ ಮೌತ್‌ವಾಶ್ ಮುಕ್ಕಳಿಸಬೇಡಿ, ವಾಸನೆ ಇದ್ದ ಹಾಗೇ ಇದ್ದರೆ ಅವರಿಗೆ ಮೂಲ ಹುಡುಕುವುದು ಸುಲಭ.